ಡರ್ವ್ಲಾ ಬಾಯಿ ಬಿಡಲಿಲ್ಲ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಿಲ್ಮೋರನ್‌ನಲ್ಲಿ ಡರ್ವ್ಲಾ ಬಹಳ ವರ್ಷ ಅಂಚೆ ಹಂಚಿದವಳು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಕೂರಿಸಿ ಚಹಾ ಕೊಡುತ್ತಾರೆ ಎಲ್ಲ ಗೊತ್ತು. ನಿವೃತ್ತಿಯಾದ ಮೇಲೆ ಡಬ್ಲಿನ್ನಿನ ಸಂಶೋಧಕರು ಅವಳನ್ನೇ ಹುಡುಕಿಕೊಂಡು ಬಂದರು. ಹೊರಗಿನವರು ಬಂದು ನೆಲೆಸುತ್ತಿರುವ ಸಣ್ಣ ಊರುಗಳಲ್ಲಿ ಹಳಬರ ಮನಸ್ಸಿನಲ್ಲಿ ಏನಿದೆ ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸ. ಯಾರು ಏನು ಹೇಳಿದರೆಂದು ಮಾತ್ರ ಹೊರಗೆ ಬಿಡಕೂಡದು. ಡರ್ವ್ಲಾ ಒಪ್ಪಿದಳು.

ಅಷ್ಟರಲ್ಲೇ, ಊರಿನ ಮುಚ್ಚಿಹೋಗಿದ್ದ ಹೋಟೆಲಿನಲ್ಲಿ, ಬೇರೆ ದೇಶಗಳಿಂದ ಆಶ್ರಯ ಕೇಳಿ ಬಂದ ಕುಟುಂಬಗಳನ್ನು ತಂದಿಡುತ್ತಾರೆಂಬ ಸುದ್ದಿ ಹಬ್ಬಿತು. ಅದನ್ನು ತಡೆಯಲು ಹೋಟೆಲಿನ ಗೇಟಿಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿ ಕಾವಲು ಕೂತವರಲ್ಲಿ ಅವಳ ತಮ್ಮ ಫಿಂಟನ್ ಮುಂದಾಳು.

ಒಂದು ಬೆಳಿಗ್ಗೆ ಸ್ಥಳೀಯ ರೇಡಿಯೋದಲ್ಲಿ ಆ ಅಧ್ಯಯನದ ಸುದ್ದಿ ಬಂತು. ಕಿಲ್ಮೋರನ್‌ನ ಹೆಂಗಸೊಬ್ಬಳ ಮಾತನ್ನೂ ಓದಿಬಿಟ್ಟರು: "ಬರೋರಿಗಿಂತ ಗೇಟಲ್ಲಿ ನಿಂತಿರೋ ನಮ್ಮ ಗಂಡಸರನ್ನ ಕಂಡ್ರೇ ನಂಗೆ ಭಯ."

ಡರ್ವ್ಲಾ ರೇಡಿಯೋ ಆರಿಸಿದಳು. ಅದು ಫಿಂಟನ್‌ನ ಹೆಂಡತಿ ಉನಾ ಬ್ರೆಡ್ ಕೊಯ್ಯುತ್ತ, ಬಾಗಿಲ ಕಡೆ ಒಂದು ಕಣ್ಣಿಟ್ಟು ಆಡಿದ ಮಾತು.

ಮಧ್ಯಾಹ್ನ ಗೇಟಿನ ಮುಂದೆ ಹಾದುಹೋಗುವಾಗ ಗಂಡಸರು ಅವಳನ್ನು ಸುತ್ತುಗಟ್ಟಿದರು.

"ಬಾರಮ್ಮ, ರೇಡಿಯೋ ರಾಣಿ," ಎಂದ ಮಾಂಸದಂಗಡಿಯ ಕೋಲಮ್.

"ಯಾರಂದಿದ್ದು ಅದನ್ನ?" ಫಿಂಟನ್ ಕೇಳಿದ.

"ಹೇಳೋ ಹಾಗಿಲ್ಲ."

"ನಾನು ನಿನ್ನ ತಮ್ಮ ಕಣೆ."

"ಅಮ್ಮ ಗೋರಿಯಿಂದ ಎದ್ದು ಬಂದು ಕೇಳಿದ್ರೂ ಹೇಳಲ್ಲ."

"ಆ ಮೂಲೆ ಮನೆ ಮುದಿ ಟೀಚರಮ್ಮನೇ ಇರ್ಬೇಕು," ಎಂದ ಕೋಲಮ್. "ಕಿಟಕಿಗೊಂದು ಕಲ್ಲು ಬಿದ್ರೆ ತಾನಾಗಿ ಬಾಯಿ ಬಿಡ್ತಾಳೆ."

ಡರ್ವ್ಲಾ ಲೆಕ್ಕ ಹಾಕಿದಳು. ಟೀಚರಮ್ಮ ಅಲ್ಲ ಎಂದರೆ ಮುಂದಿನ ಹೆಸರು ಕೇಳುತ್ತಾರೆ. ಸುಮ್ಮನಿದ್ದರೆ ಏನೂ ಅರಿಯದ ಮುದುಕಿಗೆ ಪೆಟ್ಟು.

"ಕಲ್ಲು ಹೊಡೀಲೇಬೇಕು ಅಂದ್ರೆ ನನ್ನ ಕಿಟಕಿಗೆ ಹೊಡೀರಿ. ಕೇಳಕ್ಕೆ ಹೋದವಳು ನಾನು."

ಗಂಡಸರಿಗೆ ಚಹಾ ತಂದಿದ್ದ ಉನಾ ಅವರ ಹಿಂದೆಯೇ ನಿಂತಿದ್ದಳು. ಫ್ಲಾಸ್ಕನ್ನು ಕೆಳಗಿಟ್ಟಳು.

"ಆ ಮಾತು ನಂದು."

ಫಿಂಟನ್ ನಕ್ಕ. "ತಮಾಷೆ ಸಾಕು."

"ಕ್ಯಾನ್ ತುಂಬ ಪೆಟ್ರೋಲ್ ತಂದಿಟ್ಟಿದೀಯಲ್ಲ, ಹುಲ್ಲು ಕತ್ತರಿಸೋ ಮೆಷಿನ್‌ಗೆ ಅಂದೆ. ನಮ್ಮನೇಲಿ ಆ ಮೆಷಿನ್ ಎಲ್ಲಿದೆ, ಫಿಂಟನ್?"

ಕೋಲಮ್ ಹೋಟೆಲಿನ ಕಡೆ ನೋಡಿದ, ಆಮೇಲೆ ಫಿಂಟನ್‌ನನ್ನು. "ಬೆಂಕಿ ಮಾತು ಯಾವತ್ತೂ ಆಡಿರಲಿಲ್ಲವಲ್ಲೋ ನಾವು," ಎಂದು ಮೆಲ್ಲಗೆ ಹೇಳಿ, ಟ್ರ್ಯಾಕ್ಟರ್ ಹತ್ತಿ ಅದನ್ನು ಗೇಟಿನಿಂದ ಆಚೆ ತೆಗೆದ. ಮಿಕ್ಕವರು ಒಬ್ಬೊಬ್ಬರಾಗಿ ಜಾರಿಕೊಂಡರು.

ಕುಟುಂಬಗಳು ಬಂದವು. ಉನಾ ಆ ಚಳಿಗಾಲವಿಡೀ ಡರ್ವ್ಲಾಳ ಮನೆಯಲ್ಲೇ ಉಳಿದಳು. ಕೆಲವು ಬಾಗಿಲುಗಳು ಡರ್ವ್ಲಾಗೆ ಮತ್ತೆ ತೆರೆಯಲಿಲ್ಲ. ಕೆಲವರು ತಾವಾಗಿಯೇ ಕರೆದು ಕೂರಿಸಿ ಮಾತಾಡಿದರು. ಫಿಂಟನ್ ಆಗಾಗ ಒಲೆಗೆ ಸೌದೆ ತಂದು ಬಾಗಿಲಲ್ಲಿ ಸುರಿದು, ಮಾತಿಲ್ಲದೆ ಹೋಗುತ್ತಿದ್ದ. ಉನಾ ಕಿಟಕಿಯಿಂದ ನೋಡುತ್ತಿದ್ದಳು, ಹೊರಗೆ ಹೋಗುತ್ತಿರಲಿಲ್ಲ.

ಚಳಿ ಕಳೆದ ಮೇಲೆ ಒಂದು ದಿನ, ಅವನು ಸೌದೆ ಸುರಿಯುತ್ತಿದ್ದಾಗ, ಬಾಗಿಲು ತೆಗೆದು ಹೊರಗೆ ಹೋದಳು.