ಸುಮಿತ್ರಳ ಬೆಳಗಿನ ಜಗಳ

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಹುಳಿಪುಡಿಗೆಂದು ಮೆಣಸಿನಕಾಯಿ ಹುರಿಯುತ್ತಿದ್ದರು. ಆ ಘಾಟು ಜಗಲಿಗೂ ಬಂದು, ಕಣ್ಣಲ್ಲಿ ನೀರು ಸುರಿಯುವಷ್ಟು ಕೆಮ್ಮಿದೆ. ಗುಲಾಬಿ ಸೀರೆ ಉಟ್ಟು ರಸ್ತೆಯಲ್ಲಿ ಹೋಗುತ್ತಿದ್ದ ಸುಮಿತ್ರ ಗಕ್ಕನೆ ನಿಂತಳು. ಅವಳು ನಮ್ಮೂರಿನ ಆಶಾ ಕಾರ್ಯಕರ್ತೆ. ಕೆಮ್ಮು ಎಷ್ಟು ದಿನದಿಂದ ಎಂದು ವಿಚಾರಿಸಿದಳು. ಮೆಣಸಿನಕಾಯಿ ಮಾರಾಯ್ತಿ ಎಂದೆ. ಮೂಗೆತ್ತಿ ಗಾಳಿ ಹಿಡಿದು, ತಾನೂ ಒಮ್ಮೆ ಸೀನಿ, ಆಮೇಲಷ್ಟೇ ಮುಂದೆ ಹೋದಳು. ನಿಮ್ಮೂರಲ್ಲಿ ಮನಸ್ಸು ಬಂದಂತೆ ಕೆಮ್ಮಬಹುದೇನೋ. ನಮ್ಮೂರಲ್ಲಿ ಕಾರಣ ಕೊಡಬೇಕು.

ಸುಮಿತ್ರ ಈ ಕೆಲಸಕ್ಕೆ ಸೇರಿದ ಕಥೆಯೂ ಚೆನ್ನಾಗಿದೆ. ಊರಿನ ಮನೆಮನೆಯ ವಿಷಯ ತಿಳಿದ ಹೆಂಗಸು ಬೇಕು ಎಂದು ಆಸ್ಪತ್ರೆಯವರು ಸಭೆಯಲ್ಲಿ ಕೇಳಿದಾಗ ಎಲ್ಲರೂ ಅವಳತ್ತ ತಿರುಗಿದರು. ಯಾವ ಸೊಸೆ ಮುನಿಸಿಕೊಂಡಿದ್ದಾಳೆ, ಯಾರ ಹಸು ಗಬ್ಬವಾಗಿದೆ ಎಂಬುದೆಲ್ಲ ಆಯಾ ಮನೆಯವರಿಗಿಂತ ಮೊದಲು ತಿಳಿಯುತ್ತಿದ್ದುದು ಅವಳಿಗೆ. ಹರಟೆಗೆ ಸರ್ಕಾರವೇ ಸೀರೆ ಉಡಿಸಿತಲ್ಲ ಎಂದು ನಾವು ನಕ್ಕೆವು. ಆ ಬಾಯಲ್ಲಿ ಗುಟ್ಟು ನಿಲ್ಲುತ್ತದೆಂದು ಯಾರೂ ಎಣಿಸಿರಲಿಲ್ಲ.

ಕೆಲವು ವರ್ಷದ ಹಿಂದೆ ಅವಳು ಪಕ್ಕದ ಮನೆಯ ತಿಮ್ಮಪ್ಪ ಮೇಸ್ತ್ರಿಯ ಜೊತೆ ಜಗಳ ಶುರುಮಾಡಿದಳು. ತಿಮ್ಮಪ್ಪ ಎಸ್ಟೇಟಿನಲ್ಲಿ ಆಳುಗಳನ್ನು ಕೂಗಿ ಕೂಗಿ ಗಂಟಲು ಬೆಳೆಸಿಕೊಂಡ ಮನುಷ್ಯ. ಹೆಂಡತಿ ತೀರಿಹೋಗಿದ್ದಳು. ತಂದೆ ತಾಯಿಯಿಲ್ಲದ ಮೊಮ್ಮಗಳು ದೀಪಳನ್ನು ಸಾಕಿ, ಅವಳಿಗೆ ಗಂಡು ಹುಡುಕುತ್ತಿದ್ದ. ಜಗಳಕ್ಕೆ ಕಾರಣ ಮೇಸ್ತ್ರಿಯ ಕೋಳಿಗಳು. ಅವು ಸುಮಿತ್ರಳ ಸೊಪ್ಪಿನ ಪಾತಿ ಕೆದರಿದವಂತೆ. ದಿನಾ ಬೆಳಿಗ್ಗೆ ಅವಳು ಸೆರಗು ಸಿಕ್ಕಿಸಿಕೊಂಡು ಅವನ ಅಂಗಳಕ್ಕೆ ನುಗ್ಗುವಳು, ಬೈಯುತ್ತಲೇ ಒಳಗೆ ಹೋಗುವಳು, ಸ್ವಲ್ಪ ಹೊತ್ತಿಗೆ ಬೈಯುತ್ತಲೇ ಹೊರಗೆ ಬರುವಳು. ಅಷ್ಟು ಬೈದರೂ 'ನೀವು' ಎಂಬುದು 'ನೀನು' ಆಗಲಿಲ್ಲ. ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ನನ್ನ ಒಂದು ಚಟದ ವಿಷಯ ಇಲ್ಲಿ ಹೇಳಬೇಕು. ಎಲ್ಲಿ ಜಗಳವಾದರೂ ಬಿಡಿಸಲು ಹೋಗುತ್ತೇನೆ. ಬಿಡಿಸಿದ್ದಕ್ಕಿಂತ ಬೆಳೆಸಿದ್ದೇ ಹೆಚ್ಚು ಎಂದು ನನ್ನ ಹೆಂಡತಿಯ ಅಭಿಪ್ರಾಯ. ಈ ಜಗಳಕ್ಕಂತೂ ನನ್ನ ತೋಟದಲ್ಲಿ ಉಳಿದಿದ್ದ ತಂತಿ ತಂದು, ಎರಡು ಮನೆಯ ನಡುವೆ ನಾನೇ ನಿಂತು ಬೇಲಿ ಹಾಕಿಸಿದೆ. ಇನ್ನು ಒಂದು ಮರಿಕೋಳಿಯೂ ದಾಟುವಂತಿಲ್ಲ. ಮಾರನೆಯ ಬೆಳಿಗ್ಗೆ ಕೃತಜ್ಞತೆ ಸ್ವೀಕರಿಸಲು ಆ ಕಡೆ ಹೋದೆ. ಸುಮಿತ್ರ ಬೇಲಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆ ನೋಟಕ್ಕೆ ಕಾಫಿ ಗಿಡವಾಗಿದ್ದರೆ ಬಾಡಿಹೋಗುತ್ತಿದ್ದೆ. ಆಮೇಲೆ ಏನೋ ಹೊಳೆದವಳಂತೆ, ಬೇಲಿ ತನ್ನ ಜಾಗದೊಳಗೆ ಬಂದಿದೆ ಎಂದು ಕೂಗಿಕೊಂಡು ಮೇಸ್ತ್ರಿಯ ಮನೆಗೆ ನುಗ್ಗಿದಳು. ಒಳಗಿನಿಂದ ಲೋಟಕ್ಕೆ ನೀರು ಹೊಯ್ದ ಸದ್ದು ಕೇಳಿತು. ಬೈದು ಬಾಯಿ ಒಣಗಿರಬೇಕು ಎಂದುಕೊಂಡೆ.

ದೀಪಳನ್ನು ಒಪ್ಪಿ, ಮಾತುಕತೆಗೆ ಗಂಡಿನ ಕಡೆಯವರು ಮೂಡಿಗೆರೆಯಿಂದ ಬಂದ ದಿನ ನಾನೂ ಅಲ್ಲಿದ್ದೆ. ಸುಮಿತ್ರಳೂ ಬಂದು ಬಾಗಿಲ ಬಳಿ ಕುಳಿತಿದ್ದಳು. ಇಲ್ಲೂ ಬೇಲಿಯ ಮಾತು ತೆಗೆದರೆ ಏನು ಗತಿ ಎಂದು ನಾನು ಅವಳ ಪಕ್ಕದಲ್ಲೇ ಕಾವಲು ಕುಳಿತೆ. ತಾಂಬೂಲ ಕೈಗೆ ಬರುವ ಮೊದಲು ಮೇಸ್ತ್ರಿ ಎದ್ದು ನಿಂತ. ಆಳುಗಳನ್ನು ನಡುಗಿಸುತ್ತಿದ್ದ ಗಂಟಲನ್ನು ತಗ್ಗಿಸಿ ಹೇಳಿದ.

"ಒಂದು ಮಾತು ಹೇಳ್ಬೇಕು. ನಂಗೆ ಟಿಬಿ ಆಗಿತ್ತು. ಮಾತ್ರೆ ನುಂಗಿದ್ದೀನಿ, ಮುಗೀತಾ ಬಂತು. ಈಗ ಕಫದಲ್ಲಿ ಏನೂ ಇಲ್ಲ ಅಂದಿದ್ದಾರೆ. ಹುಡುಗಿಗೂ ಪರೀಕ್ಷೆ ಮಾಡ್ಸಿದೀವಿ, ಅವ್ಳಿಗೆ ಏನಿಲ್ಲ. ಮುಚ್ಚಿಟ್ಟು ಕೊಡೋದು ಬೇಡ ಅಂತ ಸುಮಿತ್ರ ಹೇಳಿದ್ಲು. ನಂಗೂ ಸರಿ ಅನ್ನಿಸ್ತು."

ದೀಪ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಗಂಡಿನ ತಾಯಿ ಮೇಸ್ತ್ರಿಯನ್ನೇ ದಿಟ್ಟಿಸಿ ನೋಡಿ, ಮೆಲ್ಲಗೆ ಕೇಳಿದರು.

"ಉಚ್ಚೆ ಕೆಂಪಗೆ ಹೋಗ್ತಿತ್ತಾ?"

ಮೇಸ್ತ್ರಿ ತಬ್ಬಿಬ್ಬಾಗಿ ಹೌದೆಂದ.

"ನಮ್ಮನೆಯವ್ರಿಗೂ ಹಂಗೇ ಆಗಿತ್ತು. ಮಾತ್ರೆ ಬಣ್ಣಾನ ರಕ್ತ ಅಂತ ಹೆದರಿ ನುಂಗೋದೇ ಬಿಡಕ್ಕೆ ಹೊರಟಿದ್ರು. ಬೈದು ನುಂಗ್ಸಿದೆ."

ಪಕ್ಕದಲ್ಲಿದ್ದ ಅವರ ಗಂಡ ಸಂಕೋಚದಿಂದ ಸೂರು ನೋಡತೊಡಗಿದರು. ಅಷ್ಟು ದಿನ ಊರಿನಿಂದ ಮುಚ್ಚಿಟ್ಟ ರೋಗ ಎರಡು ಕುಟುಂಬಗಳಿಗೆ ಮಾತು ಕೂಡಿಸಿತು. ಹೋಳಿಗೆ ಬಡಿಸುವವರೆಗೂ ಬೀಗರಿಬ್ಬರೂ ಬಣ್ಣದ ವಿಷಯವನ್ನೇ ಮಾತಾಡಿಕೊಂಡರು.

ಊಟವಾದ ಮೇಲೆ ಸುಮಿತ್ರಳನ್ನು ಹಿಡಿದು ಕೇಳಿದೆ. ಮೇಸ್ತ್ರಿ ಮಾತ್ರೆಯನ್ನು ತಿಪ್ಪೆಗೆ ಎಸೆಯುವವನು, ಎದುರಿಗೆ ನಿಂತೇ ನುಂಗಿಸಬೇಕಿತ್ತಂತೆ. ಊರಿಗೆ ಗೊತ್ತಾದರೆ ಮಾತ್ರೆ ಮುಟ್ಟುವುದೇ ಇಲ್ಲ ಎಂದೂ ಹಟ ಹಿಡಿದಿದ್ದನಂತೆ.

"ಗುಲಾಬಿ ಸೀರೆ ಉಟ್ಕೊಂಡು ಮದುವೆಗಿರೋ ಹುಡುಗಿ ಮನೆಗೆ ದಿನಾ ಹೋದ್ರೆ ಊರಿನವ್ರು ಏನು ಅಂದ್ಕೋತಾರೆ, ನೀವೇ ಹೇಳಿ. ಜಗಳಕ್ಕಾದ್ರೆ ಯಾರೂ ಕಾರಣ ಕೇಳಲ್ಲ. ನೀವೊಬ್ರು ಬೇಲಿ ಹಾಕಿ ನನ್ನ ಹೊಟ್ಟೆ ಉರಿಸಿದ್ರಿ."

ನಾನು ಎಲೆ ಅಡಿಕೆಯ ಜೊತೆಗೆ ಅದನ್ನೂ ನುಂಗಿಕೊಂಡೆ.

ಮಾತ್ರೆ ಮುಗಿಯಿತು. ದೀಪ ಗಂಡನ ಮನೆಗೆ ಹೋದಳು. ಸುಮಿತ್ರ ಬೆಳಿಗ್ಗೆ ಬೇರೆ ಮನೆಗಳ ದಾರಿ ಹಿಡಿದಳು. ಒಂದು ದಿನ ಅವಳು ಹಾಗೆ ಹೋಗುತ್ತಿರುವಾಗ ಮೇಸ್ತ್ರಿ ಬೇಲಿಯ ಬಳಿ ಬಂದು, ಅವಳ ನಾಯಿ ತನ್ನ ಚಪ್ಪಲಿ ಕಚ್ಚಿಕೊಂಡು ಹೋಗಿದೆ ಎಂದು ದೊಡ್ಡ ಗಂಟಲಲ್ಲಿ ಕೂಗಿದ. ಸುಮಿತ್ರಳಿಗೆ ನಾಯಿಯೇ ಇರಲಿಲ್ಲ. ಆದರೂ ಅವಳು ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಇಲ್ಲದ ನಾಯಿಯ ಪರವಾಗಿ ಚೆನ್ನಾಗಿಯೇ ವಾದಿಸಿದಳು. ಒಂಟಿ ಮನೆಗೆ ಬೆಳಗಾದುದು ತಿಳಿಯಬೇಕಲ್ಲ. ಆ ವಾದ ಈಗಲೂ ಆಗಾಗ ನಡೆಯುತ್ತದೆ. ನಾನು ಬಿಡಿಸಲು ಹೋಗುವುದಿಲ್ಲ.

ಈಚೆಗೆ ಸುಮಿತ್ರ ಕೆಳಗಿನ ಮನೆಯ ಹೊಸ ಸೊಸೆಯ ಬಳಿ ಕಸೂತಿ ಕಲಿಯಲು ಹೋಗುತ್ತಿದ್ದಾಳೆ. ಆಶ್ಚರ್ಯ, ಅವಳಿಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ಕಸೂತಿ ಎಲ್ಲಿಗೆ ಬಂತು ಎಂದು ನಿನ್ನೆ ಯಾರೋ ನನ್ನೆದುರಿಗೇ ಅವಳನ್ನು ಕೆಣಕಿದರು. ಬಹಳ ಚೆನ್ನಾಗಿ ಬರುತ್ತಿದೆ, ನಾನೇ ನೋಡಿದ್ದೇನೆ ಎಂದುಬಿಟ್ಟೆ.