ಗುಡ್ ಮಾರ್ನಿಂಗ್‌ನವರ ಚಳವಳಿ

ಬೆಳಗ್ಗೆ ಎದ್ದು ಫೋನು ತೆರೆದರೆ ಗುಲಾಬಿಗಳ ರಾಶಿ. ಅದರ ಮೇಲೆ ಇಬ್ಬನಿ, ಪಕ್ಕದಲ್ಲಿ ಹಬೆಯಾಡುವ ಕಾಫಿ, ಕೆಳಗೆ ‘ಶುಭೋದಯ’. ಇವನ್ನು ಕಳಿಸುವವರಿಗೆ ಬೇರೆ ಕೆಲಸವಿಲ್ಲವೇ ಎಂದು ಬಹಳ ದಿನ ಗೊಣಗಿದವನು ನಾನು. ಜಿಗಣಿಯ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳ ಗುಣಮಟ್ಟ ಪರೀಕ್ಷಿಸಿ ನಿವೃತ್ತನಾದವನಿಗೆ ಎಲ್ಲದರಲ್ಲೂ ಐಬು ಹುಡುಕುವ ಚಟ ಬಿಟ್ಟಿಲ್ಲ. ಚಪಾತಿಯನ್ನೂ ಅಳತೆ ನೋಡಿಯೇ ತಿನ್ನುತ್ತೇನೆಂಬುದು ಹೆಂಡತಿಯ ದೂರು.

ಇಂಥ ನಾನು ಊರಿನ ಗುಂಡುತೋಪು ಉಳಿಸುವ ವಾಟ್ಸಾಪ್ ಗುಂಪಿಗೆ ಸೇರಿದ್ದು ನಮ್ಮ ಮನೆ ಓನರ್ ಸರೋಜಕ್ಕನ ಬಲವಂತಕ್ಕೆ. ಅಲ್ಲೂ ದಿನಾ ಅದೇ ಶುಭೋದಯಗಳ ಸುರಿಮಳೆ. ಅವರದು ಇಲ್ಲಿಯ ಮೂಲ ಊರಿನ ಮನೆತನ. ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಊರಿಗೆ ಉಳಿದಿರುವ ನೆರಳೆಂದರೆ ತೋಪಿನ ಹುಣಸೆಮರಗಳದ್ದು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಅಲ್ಲೇ ಬಸ್ಸು ಕಾಯುತ್ತಾರೆ, ವಯಸ್ಸಾದವರು ಅಲ್ಲೇ ಕೂತು ಲೋಕದ ತೀರ್ಪು ಕೊಡುತ್ತಾರೆ. ಆ ಸರ್ಕಾರಿ ಜಾಗದಲ್ಲಿ ಗೋದಾಮು ಕಟ್ಟಲು ಯಾರೋ ಅರ್ಜಿ ಹಾಕಿದ್ದರು. ಜಾಗವನ್ನು ಯಾರೂ ಬಳಸುತ್ತಿಲ್ಲ ಎಂಬುದು ಅವರ ವಾದ. ಒಂದು ಭಾನುವಾರ ಅಧಿಕಾರಿ ಖುದ್ದು ನೋಡಲು ಬರುವುದೆಂದಾಯಿತು. ಆ ಹೊತ್ತಿಗೆ ತೋಪು ಖಾಲಿ ಕಂಡರೆ ಅದರ ಕತೆ ಮುಗಿದಂತೆ.

ಆ ಬೆಳಗ್ಗೆಯೇ ಗುಂಪಿಗೆ ಸಂದೇಶವೊಂದು ಬಂತು: ಪರಿಶೀಲನೆ ಮುಂದೂಡಲಾಗಿದೆ, ಯಾರೂ ಬರಬೇಕಾಗಿಲ್ಲ. ಮೇಲೆ ಮುದ್ರೆ, ಕೆಳಗೆ ಸಹಿ. ನಾನು ಪರೀಕ್ಷಕನ ಗತ್ತಿನಲ್ಲಿ ಅದನ್ನು ಪಾಸು ಮಾಡಿ ಮಸಾಲೆ ದೋಸೆಗೆಂದು ಹೋಟೆಲಿಗೆ ಹೋದೆ. ದೋಸೆಗಿಂತ ಮೊದಲು ಸರೋಜಕ್ಕನ ಫೋನು ಬಂತು.

“ಎಲ್ಲಿದೀರಾ ಸಾರ್?”

“ಮುಂದಕ್ಕೆ ಹಾಕಿದ್ದಾರಲ್ಲಾ ಅಕ್ಕಾ? ಗ್ರೂಪಲ್ಲೇ ಬಂದಿದೆ.”

“ಯಾರ್ ಏಳಿದ್ದು? ಆ ನಂಬರಿಂದ ಒಂದಿನಾನಾದ್ರೂ ಗುಡ್ ಮಾರ್ನಿಂಗ್ ಬಂದೈತಾ? ನಮ್ಮೋರಲ್ಲ ಅವ್ರು. ಬಿರ್‍ರನೆ ಬನ್ನಿ!”

ನಾನು ಮುದ್ರೆ ನೋಡಿದ್ದೆ, ಸರೋಜಕ್ಕ ಅದನ್ನು ಕಳಿಸಿದವರು ಯಾರೆಂದು ನೋಡಿದ್ದರು. ಹಿಂದಿನ ಕಾಲದಲ್ಲಿ ಡಂಗುರ ಸಾರಿದರೆ ಊರು ನಂಬುತ್ತಿದ್ದದ್ದೂ ಹೀಗೇ ಇರಬೇಕು; ತಮಟೆಯವನು ಯಾರ ಮನೆ ಮಗನೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಹಳೆಯ ದಾನಶಾಸನಗಳಲ್ಲೂ ರಾಜನ ಬಿರುದುಗಳೆಲ್ಲ ಮುಗಿದ ಮೇಲೆ ಊರಿನ ಸಾಕ್ಷಿಗಳ ಹೆಸರು ಕೆತ್ತಿರುವುದುಂಟು. ಸಾಮಾಜಿಕ ಜಾಲತಾಣಗಳ ಚಳವಳಿಯನ್ನು ನಂಬಬಹುದೇ ಎಂದು ಟೀವಿಯಲ್ಲಿ ಪಂಡಿತರು ಕೂಗಾಡುವಾಗ ನನಗೀಗ ಸರೋಜಕ್ಕನನ್ನು ಅಲ್ಲಿ ಕೂರಿಸಬೇಕೆನಿಸುತ್ತದೆ.

ತೋಪಿಗೆ ಓಡಿದೆ. ಸರೋಜಕ್ಕ ಗುಂಪಿಗೆ ತಮ್ಮ ದನಿಯಲ್ಲೇ “ಇವತ್ತೇ ಐತೆ, ಬನ್ರಪ್ಪಾ” ಎಂದು ಕಳಿಸಿದ್ದರು. ಅಷ್ಟು ಸಾಕಾಗಿತ್ತು. ಮರಮರದ ಕೆಳಗೂ ಜನ. ಹೆಸರು ಗೊತ್ತಿಲ್ಲದಿದ್ದರೂ ಪರಿಚಯ ಕಷ್ಟವಾಗಲಿಲ್ಲ. “ನೀವು ಸೂರ್ಯಕಾಂತಿಯವರಲ್ವಾ?” ಎಂದೊಬ್ಬರನ್ನು ಕೇಳಿದೆ. “ಇಲ್ಲ ಸಾರ್, ನಾನು ಜೋಡಿ ಗಿಳಿ. ಸೂರ್ಯಕಾಂತಿ ಅಗೋ, ಕೆಂಪು ಸೀರೆ ಅಕ್ಕ.” ನಾನು ಬೈದುಕೊಂಡ ಚಿತ್ರಗಳೆಲ್ಲ ಕೈಕಾಲು ಬಂದು ನಿಂತಿದ್ದವು. ನನಗೆ ಅವರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು.

ಅಧಿಕಾರಿ ಜೀಪಿನಿಂದ ಇಳಿದು ಸುತ್ತ ನೋಡಿದರು. “ದಿನಾ ಇಷ್ಟು ಜನ ಬರ್ತೀರಾ?”

“ಭಾನುವಾರ ಅಲ್ವಾ ಸ್ವಾಮಿ, ಇವತ್ತು ಕಮ್ಮಿ,” ಎಂದರು ಕಟ್ಟೆಯ ಮೇಲಿದ್ದ ಅಜ್ಜ, ಎಲೆ ಅಡಿಕೆ ಜಗಿಯುತ್ತಲೇ.

ಅಧಿಕಾರಿ ನಕ್ಕು ಬರೆದುಕೊಂಡರು. ಗೋದಾಮಿನ ಅರ್ಜಿ ಮುಂದೆ ವಜಾ ಆಯಿತು.

ಅಧಿಕಾರಿ ಬಂದುಹೋದ ಮರುದಿನ ಬೆಳಗ್ಗೆ ಬಹಳ ಯೋಚಿಸಿದೆ. ನಾಳೆ ನಾನೂ ಏನಾದರೂ ನಿಜ ಹೇಳಬೇಕಾಗಿ ಬಂದರೆ ಜನ ನಂಬಬೇಕಲ್ಲ? ಸಂಕೋಚದಿಂದಲೇ ಒಂದು ತಾವರೆ ಹುಡುಕಿ, ಶುಭೋದಯ ಬರೆದು ಗುಂಪಿಗೆ ಕಳಿಸಿದೆ.

ತಕ್ಷಣ ಫೋನು ರಿಂಗಾಯಿತು.

“ಸಾರ್,” ಎಂದರು ಸರೋಜಕ್ಕ, ಅನುಮಾನದ ದನಿಯಲ್ಲಿ, “ಇದು ನೀವೇನಾ ಕಳ್ಸಿದ್ದು?”