ತೇಲುವ ಅಕ್ಕಿ

ಮೊನ್ನೆ ರೇಷನ್ ಅಕ್ಕಿ ತೊಳೆಯುವಾಗ ನಾಲ್ಕಾರು ಕಾಳು ನೀರಿನ ಮೇಲೆ ತೇಲಿದವು. ಉಳಿದವಕ್ಕಿಂತ ಬಣ್ಣವೂ ಬೇರೆ. ಕೈ ತಾನಾಗಿಯೇ ಅವನ್ನು ಆರಿಸಿ ಕಟ್ಟೆಯ ಮೇಲಿಟ್ಟಿತು. ಆಮೇಲೆ ನನಗೇ ನಗು ಬಂತು. ಮುರಗೋಡದ ನಮ್ಮ ಓಣಿಯಲ್ಲಿ ಎದುರುಮನೆಯಲ್ಲಿದ್ದ ಅಜ್ಜಿ, ಓಣಿಗೆಲ್ಲ ಆಯಿ, ನೆನಪಾದಳು...

ಆಯಿಗೆ ಸಂಶಯವೆಂಬುದು ಹುಟ್ಟುಗುಣ. ಹಾಲಿನವನ ಅಳತೆಯಿಂದ ಹಿಡಿದು ಟೀವಿಯವರ ಮಳೆ ಸುದ್ದಿಯವರೆಗೆ ಯಾವುದನ್ನೂ ನಂಬುತ್ತಿರಲಿಲ್ಲ. ಸರಕಾರದವರು ಕೊಡುತ್ತಾರೆ ಅಂದರಂತೂ ಮುಗಿಯಿತು. ತನ್ನ ಹೊಲದ ಜೋಳ, ತನ್ನ ಕೈಯ ರೊಟ್ಟಿ, ಅಷ್ಟೇ ಆಕೆಗೆ ಊಟ.

"ಪುಕ್ಕಟ ಕೊಡಾಂವ ಹಿಂದಿಂದ ಏನರ ಕೇಳತಾನ" ಎನ್ನುತ್ತಿದ್ದಳು.

ಬಂದದ್ದನ್ನು ಬೇಡ ಅನ್ನುವವಳ ಮನೆಯಲ್ಲಿ ಏನೋ ಹೂತಿಟ್ಟಿರಬೇಕೆಂದು ಓಣಿಯವರಿಗೆ ಆಕೆಯ ಮೇಲೆಯೇ ಸಂಶಯ. ಸುಳ್ಳು ಯಾಕೆ ಹೇಳಲಿ, ನನಗೂ ಇತ್ತು.

ಮೊಣಕಾಲು ಹಿಡಿದು ಆಯಿ ಹೊಲ ಪಾಲಿಗೆ ಕೊಟ್ಟ ಮೇಲೆ ಆ ಮನೆಗೂ ರೇಷನ್ ಅಕ್ಕಿ ಬಂತು. ಸೊಸೆ ಬಸುರಿ, ಮೈಯಲ್ಲಿ ರಕ್ತ ಕಡಿಮೆ. ರೊಟ್ಟಿಯ ವಾಸನೆಗೇ ವಾಂತಿ, ಅನ್ನವೊಂದೇ ಸೇರುತ್ತಿತ್ತು. ಆಯಿ ಮೊರ ಹಿಡಿದು ಕುಳಿತು ಬಣ್ಣಗೇಡಿ ಕಾಳುಗಳನ್ನು ಒಂದೂ ಬಿಡದೆ ಆರಿಸುತ್ತಿದ್ದಳು. ಪ್ಲಾಸ್ಟಿಕ್ ಅಕ್ಕಿ ಎಂದು ಆಗ ಎಲ್ಲೆಲ್ಲೂ ಸುದ್ದಿ.

ಸೊಸೆಯನ್ನು ನೋಡಲು ಬಂದ ನರ್ಸಬಾಯಿ ತಡೆದಳು. "ಅವನ್ನ ತೆಗೀಬ್ಯಾಡ್ರಿ ಆಯಿ. ರಕ್ತ ಹೆಚ್ಚಾಗ್ಲಿ ಅಂತ ಬೇಕಂತನ ಕೂಡಿಸ್ಯಾರ."

"ನನ್ನ ಸೊಸಿ ರಕ್ತದ ಕಾಳಜಿ ಸರಕಾರಕ್ಕ ಯಾಕವ್ವ?" ಎಂದ ಆಯಿ ತಂಬಿಗೆಯ ನೀರಿಗೆ ನಾಲ್ಕು ಕಾಳು ಹಾಕಿದಳು. "ನೋಡ. ಹೊಲದಾಗ ಬೆಳದ ಅಕ್ಕಿ ತೇಲತೈತೇನು?"

"ಅಕ್ಕಿ ಹಿಟ್ಟಿನಾಗ ಕಬ್ಬಿಣಾಂಶದ ಔಷಧ ಕಲಸಿ ಮಾಡಿದ ಕಾಳರಿ ಅವು, ಹಗುರ ಇರತಾವ."

ಆಯಿಯ ಕಿವಿಗೆ ಬಿದ್ದದ್ದು ಔಷಧ ಎಂಬ ಮಾತೊಂದೇ. ಮೊರವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಆದರೆ ಆರಿಸಿದ್ದನ್ನು ಆಕೆ ಎಸೆಯುತ್ತಿರಲಿಲ್ಲ. ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಯಾಕೆ? ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಒಂದು ಮಧ್ಯಾಹ್ನ ಹೆಪ್ಪು ಕೇಳುವ ನೆಪದಲ್ಲಿ ಹೋದೆ. ಸೊಸೆ ಮಲಗಿದ್ದಳು. ಆಯಿ ಒಲೆಯ ಮುಂದೆ ಒಬ್ಬಳೇ ಕುಳಿತು ಆ ಕಾಳುಗಳನ್ನಷ್ಟೇ ಬೇಯಿಸಿ ಮಜ್ಜಿಗೆ ಕಲಸಿ ಉಣ್ಣುತ್ತಿದ್ದಳು.

"ಇದೇನ ಆಯಿ, ಪ್ಲಾಸ್ಟಿಕ್ ಅಂತಿದ್ದಿ?"

"ಆಗಿದ್ರ ಮೊದಲ ನನ್ನ ಹೊಟ್ಟಿಗೆ ಗೊತ್ತಾಗ್ಲಿ. ಮುದುಕಿ ಹೋದ್ರ ಏನ ಹೋತು? ಆಕಿ ಹೊಟ್ಟ್ಯಾಗ ಕೂಸೈತಿ."

ನನ್ನ ಕಣ್ಣು ತುಂಬಿತು. ಹೆಪ್ಪು ಮರೆತು ಹಾಗೇ ಬಂದೆ.

ಮುಂದಿನ ಸಲ ಬಂದ ಅಕ್ಕಿಯನ್ನು ಆಯಿ ಆರಿಸದೆ ಅನ್ನಕ್ಕಿಟ್ಟಳು. ಸೋತಳೆಂದಲ್ಲ. ನರ್ಸಬಾಯಿ ನಕ್ಕಾಗ, "ಸರಕಾರ ಹೇಳ್ತಂತ ಅಲ್ಲ, ನಾ ತಿಂದ ನೋಡೇನಿ ಅಂತ" ಎಂದು ಮುಖ ತಿರುಗಿಸಿದಳು. ಸೊಸೆಗೆ ಸುಖವಾಗಿ ಹೆರಿಗೆಯಾಯಿತು. ಅದು ಅಕ್ಕಿಯಿಂದಲೋ, ನರ್ಸಬಾಯಿಯ ಗುಳಿಗೆಯಿಂದಲೋ, ಆಯಿಯ ಕಾವಲಿನಿಂದಲೋ... ಯಾರು ಬಲ್ಲರು.

ಆಯಿ ಈಗಿಲ್ಲ. ಫೋನಿನಲ್ಲಿ ಮಾತ್ರ ಪ್ಲಾಸ್ಟಿಕ್ ಅಕ್ಕಿಯ ವಿಡಿಯೋಗಳು ಇನ್ನೂ ಬರುತ್ತಲೇ ಇವೆ. ನಾವು ಅವನ್ನು ಮಂದಿಗೆ ಕಳಿಸಿ, ಅದೇ ಅಕ್ಕಿಯ ಅನ್ನ ಉಂಡು ಮಲಗುತ್ತೇವೆ.

ಕಟ್ಟೆಯ ಮೇಲಿಟ್ಟ ಕಾಳುಗಳನ್ನು ಮತ್ತೆ ಪಾತ್ರೆಗೆ ಹಾಕಿದೆ. ಆಯಿ ತಿಂದು ನೋಡಿದ್ದಾಳಲ್ಲ, ಆ ಧೈರ್ಯ. ನಾಳೆ ಇನ್ನೇನಾದರೂ ಹೊಸದು ಬಂದರೆ, ನಮಗಿಂತ ಮೊದಲು ತಿಂದು ನೋಡಲು ಎದುರುಮನೆಯಲ್ಲಿ ಯಾರೂ ಇಲ್ಲ.